ಅಳತೆ ತೆಗೆಯುವ ಸ್ಟುಡಿಯೋ

ನನ್ನ ಸ್ಟುಡಿಯೋದಲ್ಲಿ ಒಂದು ಕೋಟು ಇದೆ. ಅದಕ್ಕೆ ಬೆನ್ನಿಲ್ಲ. ದಪ್ಪಗಿರುವವರಿಗೂ ಸಣಕಲರಿಗೂ ಒಂದೇ ಆಗಲಿ ಎಂದು ಹಿಂದುಗಡೆಯನ್ನು ಪೂರಾ ಕತ್ತರಿಸಿ ಎರಡು ಲಾಡಿ ಹೊಲಿಸಿದ್ದೇನೆ. ಮುಂದಿನಿಂದ ನೋಡಿದರೆ ಬ್ಯಾಂಕ್ ಮ್ಯಾನೇಜರು, ಹಿಂದಿನಿಂದ ನೋಡಿದರೆ ಬನಿಯನ್ನು. ಅರಕೆರೆ ಸುತ್ತಮುತ್ತ ಹೆಣ್ಣು ಹುಡುಕುತ್ತಿರುವ ಗಂಡುಗಳ ಫೋಟೋಗಳನ್ನೆಲ್ಲ ಸಾಲಾಗಿ ಜೋಡಿಸಿದರೆ, ಒಂದೇ ಕೋಟು ದಿನಕ್ಕೊಂದು ತಲೆ ಬದಲಾಯಿಸಿಕೊಂಡ ಹಾಗೆ ಕಾಣುತ್ತದೆ. ಆ ಗಂಡುಗಳಲ್ಲಿ ನಾನೂ ಒಬ್ಬ. ನನ್ನ ತಲೆಯೇ ಆ ಕೋಟಿಗೆ ಅತಿ ಕಡಿಮೆ ಹೊಂದುತ್ತದೆ ಎಂದು ಅವ್ವನ ಅಭಿಪ್ರಾಯ.

ಮೊನ್ನೆ ಅವ್ವ ಅದನ್ನು ಒಗೆದು ಮನೆ ಮುಂದಿನ ಹಗ್ಗಕ್ಕೆ ಹಾಕಿದ್ದಳು. ದಾರಿಯಲ್ಲಿ ಹೋಗುವವರೆಲ್ಲ ಅದನ್ನು ನೋಡಿ, ನೆಂಟರನ್ನು ಕಂಡವರ ಹಾಗೆ ಒಂದು ಕ್ಷಣ ನಿಂತು ಹೋದರು. ಅವರನ್ನು ನೋಡುತ್ತ ಜಗಲಿಯ ಮೇಲೆ ಕೂತಿದ್ದವನಿಗೆ, ಈ ಕೋಟನ್ನು ಊರಿನಲ್ಲಿ ಒಬ್ಬರೂ ಮುಟ್ಟದೆ ಅದು ಮೊಳೆಯ ಮೇಲೆ ತಿಂಗಳುಗಟ್ಟಲೆ ನೇತಾಡುತ್ತಿದ್ದ ಕಾಲ ನೆನಪಾಯಿತು. ಕೋಟಿನ ತಪ್ಪೇನಿರಲಿಲ್ಲ. ತಪ್ಪು ನನ್ನ ಬಾಯಿಯದು.

ನಾನು ಮಾತು ಕಲಿತದ್ದೇ ಬೇರೆಯವರ ಹಾಗೆ ಮಾತಾಡುವುದಕ್ಕೆ ಇರಬೇಕು. ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮ ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದಾಗ, ಅವರದೇ ಮೂಗಿನ ಸ್ವರದಲ್ಲಿ "ಯಾರ್ಲಾ ಅದು ಗಲಾಟೆ" ಎಂದೆ. ಕ್ಲಾಸೆಲ್ಲ ಗಪ್‌ಚಿಪ್ಪಾಯಿತು. ಮೇಷ್ಟ್ರೂ ಬರೆಯುವುದನ್ನು ನಿಲ್ಲಿಸಿ, ತಾನು ಬಾಯಿ ಬಿಟ್ಟೆನೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಬಿದ್ದ ಏಟು ಬೇರೆ ವಿಷಯ. ಆ ಕ್ಷಣದ ರುಚಿ ಹತ್ತಿಬಿಟ್ಟಿತು ನೋಡಿ, ಮುಂದೆ ಯಾರನ್ನೂ ಬಿಡಲಿಲ್ಲ. ನಾಗಮಂಗಲದ ಬಸ್ಸಿನ ಕಂಡಕ್ಟರು, ಡೇರಿಯಲ್ಲಿ ಹಾಲು ಅಳೆಯುವವನು, ಕಿಕ್ಕೇರಿಯಿಂದ ಬರುತ್ತಿದ್ದ ಬಳೆಗಾರ, ಸೊಸೆಯ ಮೇಲೆ ದೂರು ಹೇಳುತ್ತ ನಡುವೆ ಸೊಸೆ ಬಂದರೆ ದೂರನ್ನು ಹೊಗಳಿಕೆಯಾಗಿ ತಿರುಗಿಸುವ ಪಕ್ಕದ ಮನೆಯ ಅಜ್ಜಿ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದರು. ಅಷ್ಟು ಜನರ ನಡುವೆ ನನ್ನದೇ ಸ್ವರ ಎಲ್ಲೋ ಕಳೆದುಹೋಗಿತ್ತು. ಒಂದು ಸಲ ಮೈಸೂರಿನಿಂದ ಮನೆಗೆ ಫೋನು ಮಾಡಿ ಸಹಜವಾಗಿ ಮಾತಾಡಿದರೆ ಅವ್ವ, "ಇದ್ಯಾರ ಸ್ವರ ಮಾಡ್ತಿದ್ದೀಯ? ನೆಟ್ಟಗೆ ಮಾತಾಡ್ಲಾ" ಎಂದಳು.

ಮೈಸೂರಿನಲ್ಲಿ ನಾನು ಒಬ್ಬ ಮದುವೆ ಫೋಟೋಗ್ರಾಫರ ಹತ್ತಿರ ಛತ್ರಿ ಹಿಡಿಯುವ ಕೆಲಸಕ್ಕಿದ್ದೆ. ಮಳೆಬಿಸಿಲಿಗಲ್ಲ, ಬೆಳಕಿಗೆ. ನೀವೂ ಮದುವೆಮನೆಗಳಲ್ಲಿ ನೋಡಿರುತ್ತೀರಿ, ಗಂಡುಹೆಣ್ಣಿಗಿಂತ ಎತ್ತರದಲ್ಲಿ ಬಿಳಿ ಛತ್ರಿ ಹಿಡಿದುಕೊಂಡು, ಹೊಟ್ಟೆ ಹಸಿದಿದ್ದರೂ ಊಟದ ಸಾಲಿನ ಕಡೆ ನೋಡದ ಹಾಗೆ ನಟಿಸುತ್ತ ಒಬ್ಬ ನಿಂತಿರುತ್ತಾನೆ. ಅವನೇ ನಾನು. ಅಲ್ಲಿ ನಿಂತು ನಿಂತು ಒಂದು ವಿಷಯ ಕಂಡುಕೊಂಡೆ. ಫೋಟೋ ತೆಗೆಯುವುದಕ್ಕೂ ಮಿಮಿಕ್ರಿ ಮಾಡುವುದಕ್ಕೂ ಬೇಕಾದದ್ದು ಒಂದೇ, ಎದುರಿನವರನ್ನು ಕಣ್ಣಿಟ್ಟು ನೋಡುವುದು. ಈ ಜ್ಞಾನೋದಯವನ್ನು ಅವ್ವನಿಗೆ ಹೇಳಿದಾಗ ಅವಳು, "ಒಳ್ಳೇದಾಯ್ತು. ಕಣ್ಣಿಟ್ಕಂಡು ಮಾಡೋ ಕಸ್ಬು ಅಂದ್ರೆ ಬಾಯಿಗಾದ್ರೂ ಬಿಡುವು ಸಿಕ್ತದೆ" ಎಂದಳು. ಹಾಗೆ ಒಂದು ಹಳೆಯ ಕ್ಯಾಮರಾ, ಎರಡು ದೀಪ, ಬಾಚಣಿಗೆ, ಪೌಡರ್ ಡಬ್ಬಿ ಹಾಗೂ ಬೆನ್ನಿಲ್ಲದ ಕೋಟಿನೊಂದಿಗೆ ಅರಕೆರೆ ಬಸ್‌ಸ್ಟಾಪಿನ ಎದುರು, ಸೈಕಲ್ ಶಾಪಿನ ಮಹಡಿಯ ಮೇಲೆ ನನ್ನ ಸ್ಟುಡಿಯೋ ಶುರುವಾಯಿತು.

ಶುರುವಾಯಿತು ಅಂದರೆ ಬಾಗಿಲು ತೆರೆಯಿತು ಅಷ್ಟೆ. ಯಾರೂ ಒಳಗೆ ಬರಲಿಲ್ಲ.

ಅದಕ್ಕೆ ಕಾರಣ ನಮ್ಮ ದೊಡ್ಡಪ್ಪ. ಅಪ್ಪನ ಅಣ್ಣ. ನಮ್ಮ ಕಡೆ ಯಾರ ಮನೆಯಲ್ಲಿ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಅಡುಗೆಯವರು ಯಾರು, ಶಾಮಿಯಾನ ಯಾರದು ಎಂದು ಮೊದಲು ಕೇಳುವುದು ಅವರನ್ನು. ಅವರು ಹೂಂ ಎಂದರೆ ಆಯಿತು. ಆ ಹೂಂ ಎನ್ನುವುದಕ್ಕೂ ಒಂದು ವಿಧಾನವಿತ್ತು. ಮೊದಲು ಎಡ ಹೆಗಲಿನ ಟವೆಲ್ಲನ್ನು ತೆಗೆದು ಬಲ ಹೆಗಲಿಗೆ ಹಾಕಬೇಕು. ಆಮೇಲೆ ಗಂಟಲು ಸರಿಮಾಡಿಕೊಳ್ಳಬೇಕು. ಅದು ನಾಲೆಯ ತೂಬು ಎತ್ತಿದ ಹಾಗೆ, ಮೊದಲು ಬರೀ ಗಾಳಿ, ತಡವಾಗಿ ನೀರು. ಆಮೇಲೆ ಎಡಗಣ್ಣನ್ನು ಅರ್ಧ ಮುಚ್ಚಿ, ಗದ್ದವನ್ನು ಕೊಂಚ ಮೇಲೆತ್ತಿ, "ಅಂಗಂತೀಯಾ?" ಅನ್ನಬೇಕು. ಎದುರಿನವನು ತಾನು ಏನು ಅಂದೆ ಎನ್ನುವುದನ್ನೇ ಮರೆಯಬೇಕು.

ಇಂಥ ಮಾಲು ಕೈಗೆ ಸಿಕ್ಕರೆ ಬಿಡುವುದು ಹೇಗೆ. ದೊಡ್ಡಪ್ಪನ ಮಗಳ ಮದುವೆಯಾಗಿ ಬೀಗರ ಊಟ ನಡೆಯುತ್ತಿತ್ತು. ನಮ್ಮ ಕಡೆ ಬೀಗರ ಊಟ ಅಂದರೆ ಮದುವೆಗಿಂತ ದೊಡ್ಡ ಪರೀಕ್ಷೆ. ಧಾರೆಯಲ್ಲಿ ಏನು ತಪ್ಪಾದರೂ ನಡೆಯುತ್ತದೆ, ಬೀಗರ ಎಲೆಗೆ ಬರೀ ಮೂಳೆ ಬಿತ್ತೋ, ಆ ಮಾತು ಮೊಮ್ಮಕ್ಕಳ ಕಾಲದವರೆಗೂ ಇರುತ್ತದೆ. ದೊಡ್ಡಪ್ಪ ಒಲೆಯ ಹತ್ತಿರ ನಿಂತು ಮಾಂಸದ ಪಾತ್ರೆಗೆ ಕಾವಲಿದ್ದರು. ಇತ್ತ ಪೆಂಡಾಲಿನಲ್ಲಿ ಗಂಡಿನ ಕಡೆಯ ಹುಡುಗರು, "ಏನೋ ಮಿಮಿಕ್ರಿ ಮಾಡ್ತಾನಂತೆ, ಮಾಡ್ಲಿ ನೋಡಾನ" ಎಂದರು. ನಾನು ಯಾರದೋ ಟವೆಲ್ಲು ಇಸಿದುಕೊಂಡು, ದೊಡ್ಡಪ್ಪ ತೊಡೆಯ ತುಂಡಿನ ಬಗ್ಗೆ ತೀರ್ಮಾನ ಹೇಳುವುದನ್ನು ಮಾಡಿ ತೋರಿಸಿದೆ. ಹುಡುಗರು ನಕ್ಕರು, ಅಡ್ಡಿಯಿಲ್ಲ. ಬೀಗರೇ ನಕ್ಕುಬಿಟ್ಟರು. ಬಾಯಲ್ಲಿದ್ದ ಮುದ್ದೆ ನೆತ್ತಿಗೇರಿ ಅವರ ಬೆನ್ನು ತಟ್ಟಬೇಕಾಯಿತು. ತಟ್ಟಲು ಓಡಿ ಬಂದವರು ದೊಡ್ಡಪ್ಪ. ನಾನು ಎಡಗಣ್ಣು ಅರ್ಧ ಮುಚ್ಚಿಕೊಂಡೇ ಇದ್ದೆ. ತೆರೆದಿದ್ದ ಬಲಗಣ್ಣಿಗೆ ಅವರು ಕಂಡರು.

ಅವರು ಬೈಯಲಿಲ್ಲ. ಬೀಗರ ಬೆನ್ನು ತಟ್ಟಿದರು, ನೀರು ಕೊಟ್ಟರು, ಹೋದರು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಎದುರಿಗೆ ಬಂದರೆ ನಾನು ಕರೆಂಟು ಕಂಬವೇನೋ ಎಂಬಂತೆ ಬಳಸಿಕೊಂಡು ಹೋಗುತ್ತಿದ್ದರು. ನಾನು ಸ್ಟುಡಿಯೋ ತೆರೆದ ಸುದ್ದಿ ತಲುಪಿದಾಗ ಜಗಲಿಯ ಮೇಲೆ ಕೂತು ಒಂದೇ ಮಾತು ಹೇಳಿದರಂತೆ. "ಆ ಹುಡ್ಗ ಫೋಟೋ ತೆಗೆಯಾಕಿಲ್ಲ ಕಣ್ರಪ್ಪ, ಅಳತೆ ತಗತಾನೆ."

ಆ ಮಾತು ಸ್ಕೂಟರಿಗಿಂತ ಜೋರಾಗಿ ಓಡಿತು. ಜನ ಕ್ಯಾಮರಾ ಮುಂದೆ ಕೂತರೆ ನಾನು ಅವರ ಹುಬ್ಬು, ಉಗುಳು, ಸೊಟ್ಟ ಬಾಯಿ ಎಲ್ಲವನ್ನೂ ನೋಡಿಟ್ಟುಕೊಂಡು ಸಂಜೆ ಟೀ ಅಂಗಡಿಯಲ್ಲಿ ನಾಟಕ ಆಡುತ್ತೇನೆ ಎಂದು ಎಲ್ಲರಿಗೂ ಖಾತ್ರಿಯಾಯಿತು. ಸುಳ್ಳು ಎನ್ನಲು ನನಗೂ ಧೈರ್ಯವಿರಲಿಲ್ಲ. ಪಾಸ್‌ಪೋರ್ಟ್ ಸೈಜಿನ ಫೋಟೋಗೂ ಜನ ನನ್ನ ಮೆಟ್ಟಿಲ ಮುಂದೆಯೇ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದರು. ಕಿಟಕಿಯಲ್ಲಿ ನಿಂತಿದ್ದ ನನ್ನನ್ನು ಕಂಡರೆ ಮುಖದ ಮೇಲೆ ಟವೆಲ್ಲು ಎಳೆದುಕೊಳ್ಳುತ್ತಿದ್ದರು, ಅಲ್ಲಿಂದಲೇ ಅಳೆದುಬಿಡುತ್ತೇನೋ ಎಂಬಂತೆ.

ಆ ದಿನಗಳಲ್ಲಿ ನನ್ನ ಖಾಯಂ ಗಿರಾಕಿಗಳು ಹಸುಗಳು. ಹಸುವಿಗೆ ವಿಮೆ ಮಾಡಿಸುವಾಗ ಕಿವಿಗೆ ಚುಚ್ಚಿದ ನಂಬರಿನ ಓಲೆ ಕಾಣುವ ಹಾಗೆ ಒಂದು ಫೋಟೋ ಬೇಕು, ಪಕ್ಕದಲ್ಲಿ ಯಜಮಾನ ನಿಂತಿರಬೇಕು. ಫೋನಿನಲ್ಲಿ ತೆಗೆದರೂ ನಡೆಯುತ್ತದೆ, ಆದರೆ ಪಾಂಡವಪುರದ ಕಡೆಯ ಒಬ್ಬರಿಗೆ ತಮ್ಮ ಹಸುವಿನ ಮೇಲೆ ವಿಪರೀತ ಅಭಿಮಾನ. ಅದಕ್ಕೆ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ತಾವು ಮಾತ್ರ ಹರಿದ ಅಂಗಿಯಲ್ಲಿ ನಿಂತಿದ್ದರು. ಹಸು ಬೇಲಿ ಕಡೆ ತಿರುಗಿಕೊಂಡಿತ್ತು. ನಾನು ಅಂಬಾ ಎಂದೆ. ಅದು ತಿರುಗಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಧಾನವಾಗಿ ಅಂಬಾ ಎಂದಿತು. ನನ್ನ ಮಿಮಿಕ್ರಿಗೆ ಬೇಜಾರು ಮಾಡಿಕೊಳ್ಳದೆ ಉತ್ತರ ಕೊಟ್ಟ ಜೀವ ಅದೊಂದೇ. ಫೋಟೋ ಎಷ್ಟು ಚೆನ್ನಾಗಿ ಬಂತೆಂದರೆ ಯಜಮಾನರು ಅದನ್ನು ದೊಡ್ಡದು ಮಾಡಿಸಿ, ತಮ್ಮನ್ನು ಕತ್ತರಿಸಿ ತೆಗೆಸಿ, ನಡುಮನೆಗೆ ಹಾಕಿಸಿದರು.

ಇನ್ನೊಂದು ಜೋಡಿ ನಾಗಮಂಗಲದಿಂದ ಬಂದಿತ್ತು, ದೊಡ್ಡಪ್ಪನ ಮಾತು ಆ ತಾಲೂಕಿಗೆ ಇನ್ನೂ ಮುಟ್ಟಿರಲಿಲ್ಲ. ಮದುವೆಗೆ ಮುಂಚಿನ ಫೋಟೋ, ಕರಿಘಟ್ಟದ ಮೆಟ್ಟಿಲ ಮೇಲೆ. ಹುಡುಗಿಯ ಜೊತೆ ಕಾವಲಿಗೆ ಅವಳ ಸೋದರತ್ತೆಯೊಬ್ಬರು ಬಂದಿದ್ದರು. "ಅಣ್ಣ, ಕೈ ಹಿಡ್ಕಳಿ" ಎಂದರೆ ಹುಡುಗ, "ಹಿಡ್ಕಂಡೇ ಇವ್ನಿ" ಎಂದ. ನೋಡಿದರೆ ಅವನು ಹಿಡಿದಿದ್ದು ತನ್ನದೇ ಇನ್ನೊಂದು ಕೈ. ಆ ಫೋಟೋಗಳಲ್ಲಿ ಬೆಟ್ಟ, ಆಕಾಶ, ಕೆಳಗೆ ಹರಿಯುವ ನದಿ ಎಲ್ಲ ಸೊಗಸಾಗಿ ಬಂದಿವೆ. ಪ್ರತಿಯೊಂದರ ಮೂಲೆಯಲ್ಲೂ ಅತ್ತೆಯ ಸೀರೆಯ ಅಂಚು ಬಂದಿದೆ.

ಹಸು ಮತ್ತು ಹೊರ ತಾಲೂಕು ನಂಬಿಕೊಂಡು ಎಷ್ಟು ದಿನ ನಡೆಯುತ್ತದೆ. ಕೆ.ಆರ್. ಪೇಟೆಯಲ್ಲಿ ನಮ್ಮ ಸೋದರಮಾವನ ಗೊಬ್ಬರದ ಅಂಗಡಿ ಇದೆ. ಮಾವ ಅವ್ವನಿಗೆ ಫೋನು ಮಾಡಿ, "ಆಯುಧ ಪೂಜೆಗಂಟ ನೋಡು ಕಣಕ್ಕ. ಅಷ್ಟರೊಳ್ಗೆ ಓಡ್ನಿಲ್ಲ ಅಂದ್ರೆ ಬಾಗ್ಲು ಎಳ್ಕಂಡು ಇಲ್ಲಿಗೆ ಕಳ್ಸು. ಯೂರಿಯಾ ಮೂಟೆ ಮುಂದೆ ಎಷ್ಟು ಮಿಮಿಕ್ರಿ ಮಾಡಿದ್ರೂ ಅವು ಬೇಜಾರ್ ಮಾಡ್ಕಳಾಕಿಲ್ಲ" ಎಂದರು. ಅವ್ವ ಒಪ್ಪಿದಳು. ನಾನು ಮಾವನ ಸ್ವರದಲ್ಲೇ ಆ ಮಾತನ್ನು ಮತ್ತೆ ಹೇಳಿ ಅವ್ವನನ್ನು ನಗಿಸಿದೆ. ಆಮೇಲೆ ಮಹಡಿಗೆ ಹೋಗಿ ಆ ದೀಪಗಳನ್ನು ಸುಮ್ಮನೆ ಹಾಕಿ ಆರಿಸಿ ಮಾಡುತ್ತ ಕೂತೆ. ನಗು ಬರಲಿಲ್ಲ. ಈ ಕೆಲಸ ನನಗೆ ನಿಜವಾಗಿ ಬೇಕಾಗಿತ್ತು. ಅದು ಉಳಿಯಬೇಕಾದರೆ ದೊಡ್ಡಪ್ಪನ ಒಂದು ಹೂಂ ಬೇಕಾಗಿತ್ತು.

ಆ ಹೊತ್ತಿಗೆ ಹಾಲಿನ ಡೇರಿ ಎಲೆಕ್ಷನ್ ಬಂತು, ದೊಡ್ಡಪ್ಪ ನಿಂತರು. ಈಗ ಎಲೆಕ್ಷನ್ ಅಂದರೆ ಫ್ಲೆಕ್ಸು, ಫ್ಲೆಕ್ಸು ಅಂದರೆ ಫೋಟೋ. ಅವರು ಶ್ರೀರಂಗಪಟ್ಟಣಕ್ಕೆ ಹೋಗಿ ತೆಗೆಸಿದರು, ಪಾಂಡವಪುರಕ್ಕೆ ಹೋಗಿ ತೆಗೆಸಿದರು. ಒಂದರಲ್ಲಿ ಬಸ್ಸಿನಲ್ಲಿ ಜೇಬಿನ ದುಡ್ಡು ಕಳೆದುಕೊಂಡವರ ಹಾಗಿದ್ದರು, ಇನ್ನೊಂದರಲ್ಲಿ ಅದನ್ನು ಕದ್ದವನೇ ಇವರೇನೋ ಎಂಬಂತಿದ್ದರು. ಮೂರನೆಯ ಕಡೆ ಕಂಪ್ಯೂಟರಿನಲ್ಲಿ ಮುಖ ಬೆಳ್ಳಗೆ ಮಾಡಿ ಕೊಟ್ಟರು. ಅದನ್ನು ನೋಡಿದ ದೊಡ್ಡವ್ವ, "ಯಾರಪ್ಪ ಇವ್ರು? ಇವ್ರಿಗೆ ನಾನೇ ಓಟು ಆಕಾಕಿಲ್ಲ" ಎಂದರಂತೆ. ಎಂದು ಸುಮ್ಮನಾಗದೆ, ಒಂದು ಬೆಳಿಗ್ಗೆ ಗಂಡನನ್ನು ನನ್ನ ಮೆಟ್ಟಿಲು ಹತ್ತಿಸಿದರು.

ಕೆಳಗೆ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿದಾಗ ನಾನು, ಅದು ನನ್ನ ಬಾಯಿಂದಲೇ ಬಂತೋ ಏನೋ ಎಂದು ಒಂದು ಕ್ಷಣ ಗಾಬರಿಯಾದೆ.

ದೊಡ್ಡಪ್ಪ ಒಳಗೆ ಬಂದು ನನ್ನ ಕಡೆ ನೋಡದೆ ಗೋಡೆಗೆ ಹೇಳಿದರು, "ಒಂದು ಫೋಟೋ ಬೇಕು." ಗೋಡೆಯ ಪರವಾಗಿ ನಾನು ಸ್ಟೂಲು ಹಾಕಿದೆ. ಅವರು ಕೂತರು. ದೀಪ ಹಾಕಿದ ತಕ್ಷಣ ಕತ್ತು ಬಿಗಿಯಿತು, ಎರಡು ಕೈ ಮಂಡಿಗೆ ಅಂಟಿದವು, ಕಣ್ಣು ಹೆಡ್‌ಲೈಟು ಕಂಡ ಎಮ್ಮೆಯ ಕಣ್ಣಿನ ಹಾಗೆ ಅಗಲವಾಯಿತು.

"ದೊಡ್ಡಪ್ಪ, ಒಸಿ ನಗಿ" ಎಂದೆ.

"ಯಾಕೆ? ಏನಾಯ್ತು?" ಎಂದರು.

"ಮನೇಲಿ ಎಂಗಿರ್ತೀರೋ ಅಂಗೇ ಇರಿ, ಅದ್ಕೇನು" ಎಂದರು ಬೆಂಚಿನ ಮೇಲಿಂದ ದೊಡ್ಡವ್ವ.

"ಮನೇಲಿ ನಾನು ಎಂಗಿರ್ತೀನಿ ಅಂತ ನಾನೆಲ್ಲಿ ನೋಡಿವ್ನಿ?" ದೊಡ್ಡಪ್ಪನಿಗೆ ರೇಗಿತು. "ಅದ್ನ ನೋಡೋರು ನೀವು."

ದೊಡ್ಡವ್ವ ನನ್ನ ಕಡೆ ತಿರುಗಿದರು. "ಇವ್ನು ನೋಡವ್ನೆ ಬುಡಿ. ಮಂಜ, ತೋರ್ಸ್ಲಾ ಮಗ ನಿಮ್ಮ ದೊಡ್ಡಪ್ಪಂಗೆ. ಇವ್ರು ಎಂಗಿರ್ತಾರೆ ಅಂತ ತೋರ್ಸು."

ಮಾಡಿದರೆ ಅಪರಾಧ ಎರಡನೇ ಸಲ. ಮಾಡದಿದ್ದರೆ ಯೂರಿಯಾ. ದೊಡ್ಡಪ್ಪ ಬೇಡ ಎನ್ನಲಿಲ್ಲ, ಮಾಡು ಎನ್ನಲೂ ಇಲ್ಲ. ಮೂಲೆಯಲ್ಲಿದ್ದ ಟವೆಲ್ಲು ತೆಗೆದುಕೊಂಡೆ. ಎಡ ಹೆಗಲಿನಿಂದ ಬಲ ಹೆಗಲಿಗೆ ಹಾಕಿದೆ. ಗಾಳಿ ಬಿಟ್ಟೆ, ನೀರು ಬಿಟ್ಟೆ. ಎಡಗಣ್ಣು ಅರ್ಧ ಮುಚ್ಚಿ ಗದ್ದ ಎತ್ತಿ, "ಅಂಗಂತೀಯಾ?" ಎಂದೆ. ಈ ಸಲ ನಗಿಸುವುದಕ್ಕೆ ಏನೂ ಸೇರಿಸಲಿಲ್ಲ. ಇದ್ದಷ್ಟೇ ಮಾಡಿದೆ.

ದೊಡ್ಡವ್ವ ಸೆರಗು ಬಾಯಿಗೆ ಹಿಡಿದುಕೊಂಡರು.

"ಇನ್ನೊಂದ್ಸಲ ಮಾಡು" ಎಂದರು ದೊಡ್ಡಪ್ಪ.

ಮಾಡಿದೆ.

"ಅದು ನಾನಲ್ಲ ಕಣೆ" ಎಂದರು ಹೆಂಡತಿಯ ಕಡೆ ನೋಡದೆಯೇ. "ಅದು ನಮ್ಮಪ್ಪ."

"ನಾನೇನು ಕಂಡಿವ್ನಾ ನಿಮ್ಮಪ್ಪನ್ನ" ಎಂದರು ದೊಡ್ಡವ್ವ.

ಕಂಡವರು ನಮ್ಮ ಮನೆಯಲ್ಲಿ ದೊಡ್ಡಪ್ಪ ಒಬ್ಬರೇ. ತಾತ ಹೋದಾಗ ಇವರು ಹೈಸ್ಕೂಲಿನ ಹುಡುಗ, ನಮ್ಮಪ್ಪ ಅಂಬೆಗಾಲಿಡುವ ಕೂಸು. ತಾತನ ಒಂದು ಫೋಟೋ ಕೂಡ ಇಲ್ಲ. ಒಂದು ಸಲ ಮೈಸೂರಿಗೆ ಹೋಗಿದ್ದಾಗ ಯಾರೋ ತೆಗೆಸೋಣ ಎಂದಿದ್ದಕ್ಕೆ ತಾತ, "ನಾನೇ ಇಲ್ವಾ ಇಲ್ಲಿ, ನನ್ನೇ ನೋಡ್ಕಳಿ" ಎಂದು ಮಗನನ್ನು ಎಳೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದಿದ್ದನಂತೆ. ದೊಡ್ಡಪ್ಪ ಇದನ್ನು ಹೇಳುತ್ತ ಹೇಳುತ್ತ ಸ್ಟೂಲಿನ ಮೇಲೆ ಸಡಿಲಾದರು. "ಟವಲ್ಲು ನೀನು ಮಾಡ್ದಂಗಲ್ಲ ಕಣ್ಲಾ, ಅವ್ನು ಕೊಡವಿ ಆಕ್ತಿದ್ದ, ಇಂಗೆ" ಎಂದು ಕೈ ಎತ್ತಿದರು. ಮುಖ ಕೊಂಚ ಓರೆಯಾಗಿತ್ತು, ಮಾತಿನ ನಡುವೆ ಇತ್ತು, ಎದುರಿಗೆ ಯಾರೋ ತಮಗೆ ಬೇಕಾದವರು ಕೂತಿದ್ದಾರೆ ಎಂಬಂತಿತ್ತು. ನಾನು ಕ್ಯಾಮರಾದ ಗುಂಡಿ ಒತ್ತಿದೆ.

ಆ ಫೋಟೋ ಫ್ಲೆಕ್ಸಿನಲ್ಲಿ ಬಂತು. ಅರಕೆರೆಯ ಸರ್ಕಲ್ಲಿನಲ್ಲಿ ನಿಂತವರೆಲ್ಲ, "ಗೌಡ್ರು ಈಗ ಇಳ್ದು ಬಂದು ಬೈತಾರೆ ನೋಡು" ಎಂದರು. ದೊಡ್ಡಪ್ಪ ಗೆದ್ದರು. ಫೋಟೋದಿಂದಲೇ ಗೆದ್ದರು ಎಂದು ನಾನು ಹೇಳಿಕೊಂಡು ತಿರುಗುವಂತಿಲ್ಲ, ಯಾಕೆಂದರೆ ಆ ಫ್ಲೆಕ್ಸು ನೋಡಿ ಓಡಿ ಬಂದ ಎದುರಾಳಿಯ ಫೋಟೋವನ್ನೂ ತೆಗೆದವನು ನಾನೇ. ಆಮೇಲೆ ಕೋಟಿಗೆ ಬಿಡುವಿಲ್ಲದಾಯಿತು. ಬಂದವರೇ ಸ್ಟೂಲಿನ ಮೇಲೆ ಕೂತು, "ಮೊದ್ಲು ನಾನೆಂಗಿವ್ನಿ ಮಾಡಿ ತೋರ್ಸು, ಆಮೇಲೆ ತೆಗಿ" ಎನ್ನತೊಡಗಿದರು. ಮಾಡಿ ತೋರಿಸಿದರೆ, "ಥೂ, ನಾನು ಅಂಗಿಲ್ಲ" ಎಂದು ಜಗಳಕ್ಕೆ ನಿಲ್ಲುತ್ತಾರೆ. ಆ ಜಗಳದ ನಡುವೆ ಒತ್ತಿಬಿಡುತ್ತೇನೆ. ಮಾವ ಗೊಬ್ಬರದ ಅಂಗಡಿಗೆ ಬೇರೆ ಹುಡುಗನನ್ನು ಹುಡುಕಿಕೊಂಡರು.

ಅದೆಲ್ಲ ಆಮೇಲಿನ ಮಾತು. ದೊಡ್ಡಪ್ಪ ಫೋಟೋ ತೆಗೆಸಿಕೊಂಡು ಹೋದ ಮಾರನೇ ದಿನ ಹಾಲು ಹಾಕುವ ಹೊತ್ತು ಮುಗಿದ ಮೇಲೆ ಮತ್ತೆ ಬಂದರು. ಜೊತೆಯಲ್ಲಿ ಅಪ್ಪನಿದ್ದ. ಅಪ್ಪ ಮಾತು ಕಡಿಮೆಯ ಮನುಷ್ಯ. ಊರಿಗೆಲ್ಲ ಮಿಮಿಕ್ರಿ ಮಾಡಿದ ನನಗೆ ಅಪ್ಪನನ್ನು ಮಾಡಲು ಇವತ್ತಿಗೂ ಬಂದಿಲ್ಲ, ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

"ಕೂತ್ಕ" ಎಂದರು ದೊಡ್ಡಪ್ಪ, ಬೆಂಚು ತೋರಿಸಿ.

"ಏನಣ್ಣ?"

"ಅಪ್ಪ ಎಂಗಿದ್ದ, ಅಪ್ಪ ಎಂಗಿದ್ದ ಅಂತ ಚಿಕ್ಕೋನಾಗಿದ್ದಾಗ ನನ್ ಪ್ರಾಣ ತಿಂತಿದ್ಯಲ್ಲ. ನನ್ಗೆ ಯೋಳಾಕೆ ಬತ್ತಿರ್ನಿಲ್ಲ. ನೋಡು ಈಗ."

ನನಗೆ ತಮ್ಮ ಹೆಗಲಿನ ಟವೆಲ್ಲನ್ನೇ ಕೊಟ್ಟರು. ನಾನು ಶುರುಮಾಡಿದೆ. ದೊಡ್ಡಪ್ಪ ಪಕ್ಕದಲ್ಲಿ ನಿಂತು ತಿದ್ದುತ್ತ ಹೋದರು. "ಕೊಡವು, ಆಮೇಲೆ ಆಕು. ಬೆನ್ನು ಬಗ್ಗಿಸ್ಬೇಡ, ಬಗ್ಗಿರೋದು ನಂದು, ಅಪ್ಪ ನೆಟ್ಟಗಿದ್ದ. ಸ್ವರ ಒಸಿ ಕೆಳಕ್ಕೆ. ಅಷ್ಟು ಕೆಳಕ್ಕಲ್ಲ. ಕಣ್ಣು ಸರಿಯಾಯ್ತು, ಕಣ್ಣು ಮುಟ್ಬೇಡ." ಅವರು ಹೇಳಿದ ಹಾಗೆ ದೊಡ್ಡಪ್ಪನದ್ದೆಲ್ಲವನ್ನೂ ಒಂದೊಂದಾಗಿ ಕಳಚಿದೆ. ಕೊನೆಗೆ ನನ್ನ ಮೈಮೇಲೆ ಉಳಿದವನು ನನಗೇ ಪರಿಚಯವಿಲ್ಲದ ಒಬ್ಬ ಮನುಷ್ಯ. ಅವನು ನಿಲ್ಲುವುದು ಹೇಗೆ ಎಂದು ನನ್ನ ಕಾಲಿಗೆ ಗೊತ್ತಾಗಿತ್ತು, ನನಗೆ ಗೊತ್ತಿರಲಿಲ್ಲ.

ಅಪ್ಪ ನಗಲಿಲ್ಲ. ಮಂಡಿಯ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದ. ಆಮೇಲೆ ಒಂದೇ ಪ್ರಶ್ನೆ ಕೇಳಿದ.

"ನನ್ನ ಏನಂತ ಕರೀತಿದ್ದ?"

ದೊಡ್ಡಪ್ಪ ಕಿಟಕಿಯ ಕಡೆ ತಿರುಗಿದರು. "ಗದ್ದೆಯಿಂದ ಬಂದು ಬಾಗ್ಲಲ್ಲಿ ನಿಂತ್ಕಂಡು, ‘ಎಲ್ಲವ್ನೆ ನಮ್ ಚಿಕ್ಕೈದ’ ಅಂತಿದ್ದ. ಕಾಲು ಕೂಡ ತೊಳೀದಂಗೆ. ನಾನು ದೊಡ್ ಮಗ ದೊಡ್ಡೈದ, ನೀನು ಚಿಕ್ಕೈದ. ನೀನು ಎಲ್ಲಿದ್ರೂ ತೆವಳ್ಕಂಡು ಬತ್ತಿದ್ದೆ."

ಆಮೇಲೆ ಇಬ್ಬರೂ ನನ್ನನ್ನು ನೋಡಿದರು.

ನಾನು ಸ್ಟುಡಿಯೋದ ಬಾಗಿಲಿಗೆ ಹೋಗಿ ಹೊರಗಿನಿಂದ ಬಂದವನ ಹಾಗೆ ಹೊಸ್ತಿಲಲ್ಲಿ ನಿಂತೆ. ಟವೆಲ್ಲು ಕೊಡವಿ ಬಲ ಹೆಗಲಿಗೆ ಹಾಕಿಕೊಂಡೆ. ಗದ್ದ ಎತ್ತಿದೆ.

"ಎಲ್ಲವ್ನೆ ನಮ್ ಚಿಕ್ಕೈದ."

ಐವತ್ತು ದಾಟಿದ ನಮ್ಮಪ್ಪ ಬೆಂಚಿನಿಂದ ಎದ್ದು ನಿಂತ. ದೀಪಗಳು ಉರಿಯುತ್ತಿದ್ದವು, ಕ್ಯಾಮರಾ ಸ್ಟ್ಯಾಂಡಿನ ಮೇಲೆ ರೆಡಿಯಾಗಿಯೇ ಇತ್ತು. ಒತ್ತುವವರು ಮಾತ್ರ ಯಾರೂ ಇರಲಿಲ್ಲ. ಫೋಟೋಗ್ರಾಫರು ಹೊಸ್ತಿಲಲ್ಲಿ ನಿಂತು ಮಗ ಬರುವುದನ್ನು ಕಾಯುತ್ತಿದ್ದ.